ಎಡಗಾಲಿನ ಚಪ್ಪಲಿ

ನಾನು ಹೊಡೆದದ್ದು ಟಿಕೆಟ್ ಮಶೀನಿನ ಮೂಲೆಯಿಂದ, ಮುದುಕನೊಬ್ಬನ ಎಡಗಣ್ಣಿನ ಹುಬ್ಬಿನ ಮೇಲೆ. ಒಂದು ಸಲ ಅಲ್ಲ, ಮೂರು ಸಲ. ಮೊದಲ ಏಟಿಗೆ ಚರ್ಮ ಬಿಟ್ಟಿತು. ಎರಡನೆಯದಕ್ಕೆ ರಕ್ತ ನನ್ನ ಖಾಕಿ ತೋಳಿಗೆ ಸಿಡಿಯಿತು. ಮೂರನೆಯದು ಕಣ್ಣಿಗೇ ಬಿತ್ತು. ಈ ಲೆಕ್ಕ ನನ್ನ ನೆನಪಿನದಲ್ಲ. ನನ್ನ ನೆನಪಿನಲ್ಲಿ ನಾನು ಒಂದೇ ಸಲ ಹೊಡೆದಿದ್ದೇನೆ, ಅದೂ ನೊಣ ಓಡಿಸುವವಳ ಹಾಗೆ.

ನನ್ನ ನೆನಪಿನಲ್ಲಿರುವುದು ಇಷ್ಟು. ಲಿಂಗಸುಗೂರಿನಿಂದ ಹೊರಟ ನಮ್ಮ ಬಸ್ಸು ಮಸ್ಕಿ ದಾಟಿದೆ, ಇನ್ನು ಸಿಂಧನೂರು. ಕಿಟಕಿಯಾಚೆ ಒಣ ಹೊಲ ಮುಗಿದು ಭತ್ತದ ಹಸಿರು ಶುರುವಾಗಿದೆ. ಒಳಗೆ ಕಾಲಿಡಲು ಜಾಗವಿಲ್ಲ. ಹಿಂದಿನ ಬಾಗಿಲ ಹತ್ತಿರ ನಿಂತು ಹೆಂಗಸರಿಗೆ ಸೊನ್ನೆ ಟಿಕೆಟ್ ಹರಿದುಕೊಡುತ್ತಿದ್ದೇನೆ. ಬಾಯಿಗೆ ತುಕ್ಕು ಹಿಡಿದ ಮೊಳೆ ಚೀಪಿದ ರುಚಿ ಬರುತ್ತದೆ. ಆಮೇಲೆ ಯಾರೋ ನನ್ನ ಜಡೆ ಹಿಡಿದು ದರದರ ಎಳೆಯುತ್ತಿದ್ದಾರೆ. ಆಮೇಲೆ ನನ್ನ ಮುಖದ ಮೇಲೆ ಒಂದು ಚಪ್ಪಲಿ. ಗಂಡಸಿನದು. ಸವೆದ ಹಿಮ್ಮಡಿ, ಸಗಣಿ, ಬೆವರು. ಅದರ ಹಿಂದೆ ಬಿಳಿ ಮೀಸೆಯ ಮುದುಕನ ಮುಖ. ಅವನ ಬಾಯಿ ಬೈಯುತ್ತಿತ್ತು.

ನಾನು ಯಾರ ಮೊಮ್ಮಗಳು ಎಂದು ಹೇಳದಿದ್ದರೆ ಅದು ಬರೀ ಚಪ್ಪಲಿಯಾಗಿ ಉಳಿಯುತ್ತದೆ. ನಮ್ಮಜ್ಜ ಮುದಗಲ್ ಕಡೆಯ ಹಳ್ಳಿಯೊಂದರಲ್ಲಿ ಊರಿಗೆಲ್ಲ ಚಪ್ಪಲಿ ಹೊಲಿದುಕೊಡುತ್ತಿದ್ದ. ಗೌಡರ ಓಣಿ ಬಂದಾಗ ತನ್ನ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯುತ್ತಿದ್ದ. ನಮ್ಮಪ್ಪ ಬುದ್ಧನ ಫೋಟೊ ಮನೆಗೆ ತಂದ ದಿನ ಅಜ್ಜನ ಹೊಲಿಗೆಯ ಸಾಮಾನನ್ನೆಲ್ಲ ಹಳ್ಳಕ್ಕೆ ಎಸೆದು ಬಂದನಂತೆ. ಖಾಕಿ ಹಾಕಿದ ಮಗಳು ಬಸ್ಸಿನ ಬಾಗಿಲಲ್ಲಿ ನಿಂತು "ಒಳಗ ಸರೀರಿ" ಎಂದರೆ ಎಂಥ ಗೌಡರೂ ಸರಿಯುತ್ತಾರೆ ಎಂಬುದು ಸಾಯುವ ತನಕ ಅಪ್ಪನಿಗೆ ನಗು ತರಿಸುತ್ತಿದ್ದ ವಿಷಯ. ಅಂಥ ಮಗಳ ಮುಖಕ್ಕೆ ಚಪ್ಪಲಿ ಬಂತು. ಹೊಡೆದೆ.

ಹೀಗೆ ಬರೆದರೆ ಎಲ್ಲ ಸರಿಯಾಗಿ ಕೂರುತ್ತದೆ. ಅದಕ್ಕೇ ನನಗೆ ಅನುಮಾನ. ನನಗೆ ಇರುವುದು ಮೂರ್ಛೆ ರೋಗ. ಅದು ಬಂದಾಗ ಕೆಲವು ನಿಮಿಷ ನಾನು ಇರುವುದಿಲ್ಲ. ಇಲ್ಲದ ಆ ನಿಮಿಷಗಳಿಗೆ ತಲೆ ಆಮೇಲೆ ತನಗೆ ಬೇಕಾದ ತೇಪೆ ಹಚ್ಚುತ್ತದೆ. ತೇಪೆ ಯಾವುದು, ಬಟ್ಟೆ ಯಾವುದು ಎಂದು ಇಂದಿಗೂ ನನಗೆ ಪೂರ್ತಿ ಗೊತ್ತಿಲ್ಲ. ಆದ್ದರಿಂದ ಇಲ್ಲಿ ನನ್ನದನ್ನೂ ಉಳಿದವರದನ್ನೂ ಪಕ್ಕಪಕ್ಕಕ್ಕೆ ಇಡುತ್ತೇನೆ.

ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೊ ಒಂದಿದೆ. ಚಪ್ಪಲಿ ನನ್ನ ಮೂಗಿನ ಮುಂದೆ ಇರುವಲ್ಲಿಂದ ಅದು ಶುರುವಾಗುತ್ತದೆ. ನಾನು ಹೊಡೆದು, ಮುದುಕ ಸೀಟಿನ ಕಂಬಿಗೆ ಬಡಿದು ಕುಸಿಯುವಲ್ಲಿಗೆ ಮುಗಿಯುತ್ತದೆ. ಸಂಜೆಯೊಳಗೆ ಅದು ಎರಡು ತಲೆಬರಹ ಹೊತ್ತು ಎಲ್ಲರ ಫೋನಿಗೆ ಬಂತು. ಒಂದು, 'ಮುದುಕನ ಕಣ್ಣು ಒಡೆದ ಲೇಡಿ ಕಂಡಕ್ಟರ್'. ಇನ್ನೊಂದು, 'ಲೇಡಿ ಕಂಡಕ್ಟರ್ ಮುಖಕ್ಕೆ ಚಪ್ಪಲಿ ಹಿಡಿದ ಮುದುಕ'. ವಿಡಿಯೊ ಒಂದೇ. ಎರಡು ತಲೆಬರಹಗಳೂ ಸುಳ್ಳಲ್ಲ. ಅದರೊಳಗಿನ ಹೆಂಗಸು ಮಾತ್ರ ನನಗೆ ಪರಿಚಯವಿಲ್ಲ. ಆಕೆಯ ಕಣ್ಣುಗಳು ತೆರೆದಿವೆ, ಒಳಗೆ ಯಾರೂ ಇಲ್ಲ. ಗದ್ದದ ಮೇಲೆ ರಕ್ತ ಬೆರೆತ ಜೊಲ್ಲು ಇಳಿಯುತ್ತಿದೆ. ಮುದುಕ ಬಾಯಿಗೆ ಗುದ್ದಿದ್ದಕ್ಕೆ ಬಂದ ರಕ್ತ ಅದು ಎಂದು ನಾನು ಬಹಳ ದಿನ ನಂಬಿದ್ದೆ. ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಂಡಿದ್ದೆ.

ನಮ್ಮ ಡ್ರೈವರ್ ಮೈಬೂಬಣ್ಣ ನಡುವೆ ಎಲ್ಲೂ ನಿಲ್ಲಿಸದೆ, ತುಂಬಿದ ಬಸ್ಸನ್ನು ಸೀದಾ ಸಿಂಧನೂರಿನ ಆಸ್ಪತ್ರೆಗೆ ಹೊಡೆದುಕೊಂಡು ಬಂದ. ನನಗೂ ಮುದುಕನಿಗೂ ಅಕ್ಕಪಕ್ಕದ ಮಂಚ. ನನ್ನ ಗಂಡ ಮಿಲಿಂದ ಲಿಂಗಸುಗೂರಿನಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ಮಕ್ಕಳಿಗೆ ಬೆತ್ತ ತೋರಿಸಿದವನೂ ಅಲ್ಲ. ದಾರಿಯಲ್ಲೇ ವಿಡಿಯೊ ನೋಡಿಕೊಂಡು ಬಂದ ಅವನು ನನ್ನ ಕಡೆ ತಿರುಗಲೇ ಇಲ್ಲ. ನರ್ಸು ಮುದುಕನ ಹುಬ್ಬಿಗೆ ಹೊಲಿಗೆ ಹಾಕುತ್ತಿದ್ದಳು. ಸೂಜಿ ಇನ್ನೂ ಚರ್ಮದೊಳಗೆ ಇರುವಾಗಲೇ ಮಿಲಿಂದ ಅವನ ಕೊರಳಪಟ್ಟಿ ಹಿಡಿದು ಮೇಲಕ್ಕೆ ಎತ್ತಿದ.

"ನನ್ನ ಹೆಂಡ್ತಿಗೆ ಚಪ್ಪಲಿ ತೋರಿಸ್ತೀಯೇನಲೇ ಮುದಿಯಾ?"

"ಬಿಡೋ ಮಗನ, ದಾರ ಹರೀತೈತಿ!" ಎಂದು ಮುದುಕ ಚೀರಿದ. ಮುಚ್ಚಿದ್ದ ಗಾಯ ಮತ್ತೆ ಬಾಯಿ ಬಿಟ್ಟು ರಕ್ತ ಕಿವಿಯವರೆಗೆ ಹರಿಯಿತು.

"ಬಡದಾಡೋದಿದ್ರ ಹೊರಗ ಹೋಗ್ರಿ, ನನ್ನ ಕೈಯಾಗ ಸೂಜಿ ಐತಿ," ಎಂದು ನರ್ಸು ಇಬ್ಬರಿಗೂ ಗದರಿದಳು.

ಪಕ್ಕದ ಮಂಚದಲ್ಲಿ ಮಲಗಿ ಇದನ್ನೆಲ್ಲ ನೋಡಿದೆ. ನನಗೆ ಸಂತೋಷವಾಯಿತು. ಈ ವಾಕ್ಯವನ್ನು ಬಿಡಬಹುದಿತ್ತು. ಒಂದು ಸಲ ಬಿಟ್ಟೂ ನೋಡಿದೆ.

ನನ್ನನ್ನು ಕೆಲಸದಿಂದ ಅಮಾನತು ಮಾಡಿದರು. ಹೇಳಿಕೆ ಕೊಡಬೇಕು, ವಿಚಾರಣೆ ಇದೆ ಎಂದು ಕಾಗದ ಬಂತು. ಅದರ ಹಿಂದೆಯೇ ನಮ್ಮ ಸಂಘದ ಬಸಣ್ಣ ಮನೆಗೆ ಬಂದ. ಚಹಾದ ಬಸಿ ಕೆಳಗಿಟ್ಟು ಎರಡು ಬೆರಳು ಎತ್ತಿದ.

"ಸುಜಾತಾ, ಎರಡು ದಾರಿ ಅದಾವು. ಒಂದು, ಮುದುಕ ಚಪ್ಪಲಿ ಎತ್ತಿದ, ನೀ ಮಾನ ಉಳಿಸ್ಕೊಳ್ಳಾಕ ಹೊಡದಿ. ವಿಡಿಯೊ ಐತಿ. ಯಾವ ಸಾಹೇಬನೂ ನಿನ್ನ ಅಲ್ಲಾಡಸಂಗಿಲ್ಲ. ಎರಡು, ಫಿಟ್ಸು. ಆ ಶಬ್ದ ಕಾಗದದ ಮ್ಯಾಲೆ ಬಿತ್ತಂದ್ರ ನೀ ಬಸ್ ಹತ್ತೋದು ಮುಗೀತು."

"ಮುದುಕಗ ಏನಾಗತೈತಿ?" ಎಂದು ಅವ್ವ ಕೇಳಿದಳು. ಅಪ್ಪ ಹೋದ ಮೇಲೆ ಅವ್ವ ನಮ್ಮ ಜೊತೆಗೇ ಇದ್ದಾಳೆ.

"ಆಗೋದು ಆಗಲಿ ಬಿಡವ್ವ. ಚಪ್ಪಲಿ ಎತ್ತಿದಾವ ಅಂವ. ಸ್ಟೇಷನ್ ನೋಡಲಿ, ಕೋರ್ಟ್ ನೋಡಲಿ."

ಮೊದಲ ದಾರಿಗೆ ಒಪ್ಪಿದೆ. ಅದು ಸುಳ್ಳು ಎಂದು ನನಗೆ ಅನ್ನಿಸಲಿಲ್ಲ. ನನ್ನ ನೆನಪು ಹೇಳುತ್ತಿದ್ದದ್ದೂ ಅದನ್ನೇ. ಬಸ್ಸಿನಲ್ಲಿ ಆದದ್ದು ಫಿಟ್ಸ್ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಸೆಖೆಗೆ ತಲೆ ತಿರುಗಿದ್ದು ಎಂದು ನಾನು ವಾದಿಸಿದ್ದೆ.

ವಾದ ನಿಂತದ್ದು ಎಂಟನೆಯ ದಿನ, ಬೆಳಿಗ್ಗೆ, ರೊಟ್ಟಿ ಬಡಿಯುವಾಗ. ಬಾಯಿಗೆ ಮತ್ತೆ ಆ ಮೊಳೆಯ ರುಚಿ ಬಂತು. ಮುಂದಿನದು ನನ್ನ ಹತ್ತಿರ ಇಲ್ಲ. ಕಣ್ಣು ಬಿಟ್ಟಾಗ ನಾನು ನೆಲದ ಮೇಲಿದ್ದೆ. ಜೋಳದ ಹಿಟ್ಟು ಗೋಡೆಯವರೆಗೂ ಹಾರಿತ್ತು. ಮಿಲಿಂದನ ಕೆನ್ನೆಯ ಮೇಲೆ ಗೀರು ಇತ್ತು. ಅವ್ವ ಮೂಲೆಯಲ್ಲಿ ಕೂತು ಬಲಗೈ ಮುಂಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಸೆರಗು ಕೆಂಪಾಗುತ್ತಿತ್ತು.

"ಏನಾತಬೇ?"

"ಏನಿಲ್ಲ, ಜಾರಿ ಬಿದ್ದೆ."

"ಸುಳ್ಳು ಹೇಳಬ್ಯಾಡ ಅತ್ತಿ," ಎಂದ ಮಿಲಿಂದ. "ಆಕೀಗೂ ಗೊತ್ತಾಗಲಿ."

ನಾನು ಅವ್ವನ ಕೈ ಹಿಡಿದು ರುಬ್ಬುವ ಕಲ್ಲಿಗೆ ಅಪ್ಪಳಿಸಿದ್ದೆ. ಗಾಜಿನ ಬಳೆಯ ಚೂರುಗಳು ಮಾಂಸದೊಳಗೆ ಹೋಗಿದ್ದವು, ಎಲುಬು ಬಿರುಕು ಬಿಟ್ಟಿತ್ತು. ಅವ್ವ ಅಳಿಯನ ಕಡೆ ಸಿಟ್ಟಿನಿಂದ ನೋಡಿ ಹೇಳಿದಳು: "ನನ್ನ ಮಗಳು ಹೊಡದಿಲ್ಲ. ಬ್ಯಾನಿ ಹೊಡದೈತಿ. ಎರಡೂ ಒಂದ ಅಲ್ಲ."

ಆ ದಿನ ನನಗೆ ಮುದುಕನ ನೆನಪು ಬರಲಿಲ್ಲ. ಬಂತು ಎಂದು ಬರೆದರೆ ಚಂದ ಇರುತ್ತಿತ್ತು.

ನರದ ಡಾಕ್ಟರು ಸಿಂಧನೂರಿಗೆ ವಾರಕ್ಕೊಮ್ಮೆ, ರವಿವಾರ ಮಾತ್ರ ಬರುತ್ತಿದ್ದರು. ಅವರ ದವಾಖಾನೆ ಎಂದರೆ ಒಂದು ಉದ್ದನೆಯ ಹಜಾರ, ಎರಡು ಬೆಂಚು, ಬಾಗಿಲ ಹೊರಗೆ ಚಪ್ಪಲಿಗಳ ದೊಡ್ಡ ರಾಶಿ. ಬೆಳಿಗ್ಗೆ ಏಳಕ್ಕೆ ಚೀಟಿ ಬರೆಸಿದರೆ ಮಧ್ಯಾಹ್ನ ಎರಡಕ್ಕೆ ಒಳಗೆ ಕರೆಯುತ್ತಾರೆ. ಅಲ್ಲಿ ಯಾರೂ ಯಾರಿಗೂ ಏನು ಕಾಯಿಲೆ ಎಂದು ಕೇಳುವುದಿಲ್ಲ. ಕೆಲವರ ಅಂಗೈಯಲ್ಲಿ ಕಬ್ಬಿಣದ ಕೀಲಿ ಇರುತ್ತದೆ, ಅದೇ ಮೂರ್ಛೆಯ ಗುರುತು. ಏಳು ತಾಸು ಕಾಯುವುದರಲ್ಲಿ ನನಗೆ ಎಲ್ಲರ ಮೇಲೂ ದ್ವೇಷ ಹುಟ್ಟಿತು. ಕೆಮ್ಮುವವರ ಮೇಲೆ, ಬಾಳೆಹಣ್ಣು ತಿನ್ನುವವರ ಮೇಲೆ, ನನ್ನನ್ನು ವಿಡಿಯೊದಲ್ಲಿ ನೋಡಿ ಗುರುತು ಹಿಡಿದು ಪಿಸುಗುಟ್ಟಿದ ಇಬ್ಬರು ಹೆಂಗಸರ ಮೇಲೆ.

ನನ್ನ ಪಕ್ಕದಲ್ಲಿ ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಹೆಂಗಸೊಬ್ಬಳು ಹದಿನಾಲ್ಕು ವರ್ಷದ ಮಗಳನ್ನು ತೊಡೆಗೆ ಒರಗಿಸಿಕೊಂಡು ಕೂತಿದ್ದಳು. ಗದ್ದೆಯ ಕೆಸರು ಇನ್ನೂ ಆಕೆಯ ಉಗುರಿನ ಸಂದಿಯಲ್ಲಿತ್ತು. ಹನ್ನೊಂದರ ಸುಮಾರಿಗೆ ಹುಡುಗಿ ಒಮ್ಮೆಲೇ ಸೆಟೆದು ಬೆಂಚಿನಿಂದ ಕೆಳಗೆ ಬಿದ್ದಳು. ತಲೆ ನೆಲಕ್ಕೆ ಬಡಿಯುವ ಸದ್ದು, ಹಲ್ಲು ಹಲ್ಲು ಕಡಿಯುವ ಸದ್ದು. ನನ್ನ ಕಾಯಿಲೆಯನ್ನು ನಾನು ಹೊರಗಿನಿಂದ ನೋಡಿದ್ದು ಅದೇ ಮೊದಲು. ಎದ್ದು ಓಡಿಹೋಗಬೇಕು ಅನ್ನಿಸಿತು.

ಹಜಾರವೇ ಎದ್ದು ನಿಂತಿತು.

"ಕೀಲಿ ಕೊಡ್ರಿ ಕೈಯಾಗ!"

"ಉಳ್ಳಾಗಡ್ಡಿ ಒಡದು ಹಿಡೀರಿ!"

"ಉಳ್ಳಾಗಡ್ಡಿ ಎಲ್ಲಿ ತರೂಣು, ಇದೇನು ಖಾನಾವಳಿಯೇನು?"

"ಚಪ್ಪಲಿ ಮೂಸಸ್ರಿ, ಎಡಗಾಲಿಂದು! ಎಡಗಾಲಿಂದ ಆಗಬೇಕು!"

ತಾಯಿ ಬಾಗಿಲಿಗೆ ಓಡಿದಳು. ರಾಶಿಯಿಂದ ಕೈಗೆ ಸಿಕ್ಕ ಒಂದು ಎಡಗಾಲಿನ ಚಪ್ಪಲಿ ಎತ್ತಿಕೊಂಡು ಬಂದು ಮಗಳ ಮೂಗಿಗೆ ಒತ್ತಿ ಹಿಡಿದಳು. ಇನ್ನೊಂದು ಕೈಯಿಂದ ಹುಡುಗಿಯ ಕೂದಲು ಸವರುತ್ತ ತನ್ನ ಭಾಷೆಯಲ್ಲಿ ಏನೋ ಹೇಳುತ್ತಿದ್ದಳು, ಬೇಡುವ ಹಾಗೆ. ಅದು ನನ್ನ ಚಪ್ಪಲಿ. ಕಂದು ಪಟ್ಟಿ, ಹಿಂದಿನ ದಿನ ಹೊಲಿಸಿದ ಹೆಬ್ಬೆಟ್ಟಿನ ಉಂಗುಟ.

ಕಂಪೌಂಡರ್ ಹೊರಗೆ ಬಂದು ಕಿರುಚಿದ: "ತೆಗೀರಿ ಅದನ್ನ! ಎಷ್ಟ್ ಸಲ ಹೇಳಬೇಕು? ಉಸಿರು ಕಟ್ಟತೈತಿ! ಒಂದು ಮಗ್ಗಲಾಗಿ ಮಲಗಸ್ರಿ!" ಅವನು ಹೇಳಿದ್ದು ಸರಿ. ಚಪ್ಪಲಿಯಿಂದ ಏನೂ ಆಗುವುದಿಲ್ಲ. ಇದನ್ನು ಓದುತ್ತಿರುವವರ ಮನೆಯಲ್ಲಿ ಯಾರಿಗಾದರೂ ಈ ಬೇನೆ ಇದ್ದರೆ ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ, ಪಕ್ಕದಲ್ಲಿ ಕೂತಿರಿ.

ಹುಡುಗಿಗೆ ಎಚ್ಚರ ಬರುತ್ತಿತ್ತು. ಬರುತ್ತಲೇ ಕಾಲು ಬೀಸಿ ಒದ್ದಳು. ತಾಯಿಯ ತುಟಿ ಒಡೆದು ರಕ್ತ ಬಂತು. ಆಕೆ ಸೆರಗಿನಿಂದ ಒರೆಸಿಕೊಂಡು, ನನ್ನ ಕಡೆ ನೋಡಿ ನಕ್ಕಳು. ನಿಜವಾಗಿ ನಕ್ಕಳು.

"ಹೊಡದ್ಲು ಅಕ್ಕಾ. ಬಂದ್ಲು."

ಆಮೇಲೆ ಚಪ್ಪಲಿಯನ್ನು ತಿರುಗಿಸಿ ನೋಡಿ, ಯಾರದು ಎಂದು ಕೇಳಿದಳು. ನನ್ನದು ಎಂದೆ. ಸೆರಗಿನ ಒಣ ತುದಿಯಿಂದ ಅದನ್ನು ಒರೆಸಿ ನನ್ನ ಪಾದದ ಹತ್ತಿರ ಇಟ್ಟಳು. "ಕೇಳದ ತಗೊಂಡೆ, ಮಾಫ್ ಮಾಡ್ರಿ."

ಜೊತೆಗೆ ಬಂದಿದ್ದ ಅವ್ವ ಪಟ್ಟಿ ಕಟ್ಟಿದ ತನ್ನ ಕೈಯನ್ನು ನನ್ನ ಕೈ ಮೇಲಿಟ್ಟಳು.

ತಲೆಯ ಸ್ಕ್ಯಾನಿಗೆ ರಾಯಚೂರಿಗೆ ಹೋದೆವು. ಆ ಕೊಳವೆಯೊಳಗೆ ಯಾರೋ ಹೊರಗಿನಿಂದ ಸುತ್ತಿಗೆಯಿಂದ ಬಡಿಯುತ್ತಿರುವ ಹಾಗೆ ಇರುತ್ತದೆ. ಇಪ್ಪತ್ತು ನಿಮಿಷ ಪೆಟ್ಟು ಎಣಿಸುತ್ತ ಮಲಗಿದ್ದೆ. ನನ್ನ ಮಿದುಳಿನಲ್ಲಿ ಜೋಳದ ಕಾಳಿನಷ್ಟು ಒಂದು ಗಂಟು ಇತ್ತು. ಊಟದ ಜೊತೆ ಮೈ ಸೇರಿ, ಮಿದುಳಿಗೆ ಹೋಗಿ ಸತ್ತ ಲಾಡಿಹುಳದ್ದು. "ಸತ್ತಿದ್ದಕ್ಕ ಇಷ್ಟು ಸಿಟ್ಟ್ಯಾಕ?" ಎಂದು ಅವ್ವ ಡಾಕ್ಟರನ್ನು ಕೇಳಿದಳು. ಅವರು ನಕ್ಕು ಮಾತ್ರೆ ಬರೆದರು.

ಸಿಟ್ಟಿನ ಮಾತು ಅಲ್ಲಿಗೆ ಮುಗಿಯಲಿಲ್ಲ. ಆ ಮಾತ್ರೆ ಕೆಲವರಿಗೆ ಸಿಟ್ಟು ತರುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಬಿಸಿ ಎಣ್ಣೆಗೆ ನೀರು ಬಿದ್ದ ಹಾಗೆ ಇರುತ್ತಿತ್ತು ಅದು. ತಟ್ಟೆ ಎಸೆದೆ. ಪುಸ್ತಕ ಹರಿದೆ. ಮಿಲಿಂದ ಉಪ್ಪು ಕೇಳಿದ ಎಂಬ ಕಾರಣಕ್ಕೆ ಒಂದು ಮಧ್ಯಾಹ್ನವೆಲ್ಲ ಅವನನ್ನು ಬೈದೆ. ಇದೇ ಮಾತ್ರೆ ನುಂಗುವವರಿಗೆ ಒಂದು ಮಾತು ಹೇಳಬೇಕು: ಸಿಟ್ಟು ಮಾತ್ರೆಯದು, ಆದರೆ ಒಡೆದ ತಟ್ಟೆ ನಿಮ್ಮ ಮನೆಯದೇ. ಡಾಕ್ಟರಿಗೆ ಹೇಳಿ, ಬದಲಿಸಿ ಕೊಡುತ್ತಾರೆ. ನಾನು ಹೇಳುವುದರೊಳಗೆ ಮೈಬೂಬಣ್ಣ ಮನೆಗೆ ಬಂದ.

ಅವನು ವಾರದ ರಜೆಯಲ್ಲಿ ಬಂದಿದ್ದ. ಚಹಾ ಕೊಟ್ಟೆ. ಗಡ್ಡ ಕೆರೆದುಕೊಳ್ಳುತ್ತ ಹೇಳಿದ:

"ಬೇಟಿ, ಮೂರು ತಿಂಗಳಿಂದ ನಾ ನೋಡಾಕತ್ತೀನಿ. ನೀ ಟಿಕೆಟ್ ಕೊಡುತ್ಲೇ ನಿಂತಬಿಡ್ತಿದ್ದಿ. ಕಣ್ಣು ಎಲ್ಲೋ, ಕೈ ಎಲ್ಲೋ. ನೀ ರೈಟ್ ಅನ್ನೂತನಕ ನಾ ಗೇರ್ ಹಾಕ್ತಿರಲಿಲ್ಲ. ಮಂದಿ ಬೈತಿದ್ರು. ಗಾಡಿ ಹೀಟ್ ಆಗೇತ್ರಿ ಅಂತಿದ್ದೆ."

ನನಗೆ ನೆನಪಾಯಿತು. ಮೈಬೂಬಣ್ಣನಿಗೆ ವಯಸ್ಸಾಯಿತು, ಗಾಡಿ ಎಬ್ಬಿಸಲು ತಡ ಮಾಡುತ್ತಾನೆ ಎಂದು ಆ ಮೂರು ತಿಂಗಳು ನಾನೇ ಡಿಪೋದಲ್ಲಿ ಆಡಿಕೊಂಡು ನಕ್ಕಿದ್ದೆ.

"ಯಾಕ ಹೇಳಲಿಲ್ಲ?"

"ಹೇಳಿದ್ರ ನಿನ್ನ ನೌಕರಿ ಹೋಗತಿತ್ತು. ಪಾಪ, ನಿದ್ದಿಗೆಟ್ಟಾಳ ಅಂದ್ಕೊಂಡೆ."

ಗಾಜಿನ ಲೋಟ ಎತ್ತಿ ಅವನ ಮೇಲೆ ಎಸೆದೆ. ಕಿವಿಯ ಪಕ್ಕದಿಂದ ಹಾಯ್ದು ಗೋಡೆಗೆ ಬಡಿದು ಚೂರಾಯಿತು. "ನಿನ್ನ ಪಾಪಕ್ಕ ಬೆಂಕಿ ಹಚ್ಚು! ಅವತ್ತ ಹೇಳಿದ್ರ ಇಷ್ಟು ಆಗತಿತ್ತೇನು?" ಮೈಬೂಬಣ್ಣ ಏಳಲಿಲ್ಲ. ಕೂತಲ್ಲೇ ಬಗ್ಗಿ ಚೂರುಗಳನ್ನು ಒಂದೊಂದಾಗಿ ಆರಿಸಿ ಬಸಿಯಲ್ಲಿ ಹಾಕಿದ. ಆಮೇಲೆ ಅವನು ಹೇಳಲು ಬಂದಿದ್ದದ್ದನ್ನು ಹೇಳಿದ.

"ಅವತ್ತು ಕನ್ನಡ್ಯಾಗ ನೋಡಿದೆ. ಹಿಂದಿನ ಬಾಗಲಾ ತೆಗದ ಇತ್ತು. ನೀ ಸೆಟದು ಬಿದ್ದಿ, ಸೊಂಟದ ಮ್ಯಾಲಿಂದೆಲ್ಲ ಹೊರಗ. ತಲಿ ರಸ್ತೆಗೆ ಜೋತು ಬಿದ್ದಿತ್ತು. ನಾ ಬ್ರೇಕ್ ಒತ್ತಿದ್ರ ನೀ ಗಾಲಿ ಕೆಳಗ ಹೋಗ್ತಿ, ಒತ್ತಲಿಲ್ಲಂದ್ರೂ ಹೋಗ್ತಿ. ಆ ಮುದುಕ ನಿನ್ನ ಜಡಿ ಕೈಗೆ ಸುತ್ತಿಗೊಂಡು ಒಳಗ ಎಳದ. ಉಳದವ್ರೆಲ್ಲ ನೋಡಾಕತ್ತಿದ್ರು. ವಿಡಿಯೊ ಶುರು ಆಗಿದ್ದು ಅದು ಮುಗದ ಮ್ಯಾಲೆ."

ಬಾಗಿಲು ಹಾಕುವುದು ಕಂಡಕ್ಟರಿನ ಕೆಲಸ. ಮಸ್ಕಿಯಲ್ಲಿ ನಾನು ಹಾಕಿರಲಿಲ್ಲ.

ಆ ಮುದುಕನ ಹೆಸರು ಅಮರಪ್ಪ. ಕಾಲುವೆಯ ಗ್ಯಾಂಗಿನಲ್ಲಿ ದುಡಿದು ನಿವೃತ್ತರಾದವರು, ಊರು ಸಾಲಗುಂದ. ಮಿಲಿಂದ ನನ್ನ ಜೊತೆ ಬರಲಿಲ್ಲ. "ಎಳದು ಉಳಿಸಿದ, ಒಪ್ಪಿದೆ. ಚಪ್ಪಲಿ ಯಾಕ?" ಎಂದು ಕೇಳಿ ಶಾಲೆಗೆ ಹೋದ. ಅವ್ವ ಬಂದಳು.

ಅಮರಪ್ಪ ಮನೆಯ ಮುಂದೆ ಬೇವಿನ ಗಿಡದ ಕೆಳಗೆ ಕೂತಿದ್ದರು. ಹುಬ್ಬಿನ ಗಾಯ ಆರಿತ್ತು. ಎಡಗಣ್ಣು ಗಂಜಿಯ ಬಣ್ಣಕ್ಕೆ ತಿರುಗಿತ್ತು. ನನ್ನನ್ನು ನೋಡಲು ಅವರು ತಲೆಯನ್ನೇ ಪೂರ್ತಿ ತಿರುಗಿಸಬೇಕಾಯಿತು.

"ಕಂಡಕ್ಟರಮ್ಮ! ಮಶೀನ್ ತಂದೀಯೇನು ಮತ್ತ?"

ಅವ್ವನಿಗೆ ನಗು ತಡೆಯಲಾಗಲಿಲ್ಲ. ನನಗೆ ಮೈಯೆಲ್ಲ ಉರಿಯಿತು, ಆದರೂ ಕೂತೆ. ಒಳಗಿನಿಂದ ಅವರ ಹೆಂಡತಿ ಚಹಾ ತಂದರು, ಪೇಪರ್ ಕಪ್ಪಿನಲ್ಲಿ. ಅಮರಪ್ಪನಿಗೂ ಪೇಪರ್ ಕಪ್ಪೇ. ನ್ಯಾಯವಾಗಿಯೇ ಇತ್ತು. ನಾವು ಬಾರದ ದಿನ ಅವರು ಯಾವುದರಲ್ಲಿ ಕುಡಿಯುತ್ತಾರೆ ಎಂದು ಮಾತ್ರ ನನಗೆ ತಿಳಿಯುವಂತಿರಲಿಲ್ಲ.

"ಜಡಿ ಯಾಕ ಹಿಡದ್ರಿ?" ಎಂದು ಕೇಳಿದೆ.

"ಮತ್ತೇನ್ ಹಿಡೀಲಿ? ಅಂಗಿ ಹಿಡದ್ರ ಹರೀತಿತ್ತು. ಮೈ ಹಿಡದ್ರ ಮಂದಿ ನನ್ನ ಅಲ್ಲೇ ಹುಗೀತಿದ್ರು."

"ಬೈಯಾಕತ್ತಿದ್ರಿ."

"ಬೈದೀನಿ. ಎಲ್ಲಾರೂ ಮೊಬೈಲ್ ಹಿಡ್ಕೊಂಡು ನಿಂತಿದ್ರು, ಅವ್ರಿಗೆ ಬೈದೆ. ನಿನಗೂ ಬೈದಿರಬೇಕು. ಬಾಗಲಾ ತೆಗದು ನಿಂದ್ರತಾರೇನು, ಹುಚ್ಚಿ?"

"ಚಪ್ಪಲಿ?"

"ಮೂರ್ಛಿ ಬಂದಾಗ ಏನ್ ಹಿಡೀತಾರ, ಮಲ್ಲಿಗಿ ಹೂ ಹಿಡೀತಾರೇನು? ಎಡಗಾಲಿಂದ ಹಿಡದೀನಿ, ಸರಿಯಾಗಿ. ನಮ್ಮವ್ವಗ ಹಿಂಗ ಬರತಿತ್ತು. ಸಾಯೂತನಕ ಆಕಿ ಮುಖಕ್ಕೂ ಹಿಡದೀನಿ."

ಕೇಳಬೇಕಾದ ಪ್ರಶ್ನೆ ಇನ್ನೂ ಒಂದಿತ್ತು. ಅದನ್ನು ನುಂಗಿಕೊಂಡು ಎದ್ದಿದ್ದರೆ ಈ ಬರಹ ಇಲ್ಲಿಗೇ ಸುಖವಾಗಿ ಮುಗಿಯುತ್ತಿತ್ತು.

"ನಾವು ಯಾರು ಅಂತ ನಿಮಗ ಗೊತ್ತೈತಿ. ಗೌಡ್ರ ಸೊಸಿ ಬಿದ್ದಿದ್ರ ಹಿಂಗ ಜಡಿ, ಚಪ್ಪಲಿ ಹಿಡೀತಿದ್ರೇನು?"

ಅಮರಪ್ಪ ಕಪ್ಪು ಕೆಳಗಿಟ್ಟರು. ಕಾಣದ ಕಣ್ಣನ್ನು ಅಂಗೈಯಿಂದ ಒತ್ತಿಕೊಂಡರು. ಅವರ ಹೆಂಡತಿ ಬಾಗಿಲಲ್ಲಿ ನಿಂತವರು ಒಳಗೆ ಹೋದರು.

"ಖರೆ ಹೇಳ್ಲ್ಯಾ? ಗೌಡ್ರ ಸೊಸಿ ಆಗಿದ್ರ, ಜಡಿ ಹಿಡಿಯಾಕ ನಾಕ್ ಸಲ ವಿಚಾರ ಮಾಡ್ತಿದ್ದೆ. ಅಷ್ಟರಾಗ ಆಕಿ ರಸ್ತ್ಯಾಗ ಇರತಿದ್ಲು."

ಅವರು ನನ್ನನ್ನು ಎಳೆದದ್ದರಲ್ಲಿ ನಾನು ಅಗ್ಗದವಳು ಎಂಬ ಧೈರ್ಯವೂ ಸೇರಿತ್ತು. ಅದನ್ನು ಅವರೇ ಹೇಳಿದರು, ನನ್ನ ಮುಖಕ್ಕೇ. ಆದರೆ ಎಳೆದರು. ಬಸ್ಸಿನಲ್ಲಿ ನನ್ನ ಬಗ್ಗೆ ಬಹಳ ಮರ್ಯಾದೆ ಇದ್ದವರು ಎಷ್ಟು ಜನ ಇದ್ದರೋ, ಅವರ ಕೈ ಮೊಬೈಲಿನ ಮೇಲೆ ಇತ್ತು. ಜನರಲ್ಲಿ ಒಳ್ಳೆಯದನ್ನು ನೋಡು ಎಂದು ಅಪ್ಪ ಹೇಳುತ್ತಿದ್ದ. ಅದು ತೊಳೆದಿಟ್ಟ ಅಕ್ಕಿಯ ಹಾಗೆ ಸಿಗುತ್ತದೆ ಎಂದುಕೊಂಡಿದ್ದೆ.

"ತಪ್ಪಾತ್ರಿ," ಎಂದೆ.

"ಅದನ್ನ ಬರದು ಕೊಡು. ಇಲ್ಲಿ ಹೇಳಿದ್ರ ಈ ಬೇವಿನ ಗಿಡ ಕೇಳತೈತಿ, ಅಷ್ಟ."

ವಿಚಾರಣೆ ನಡೆದದ್ದು ಲಿಂಗಸುಗೂರಿನಲ್ಲಿ, ಡಿಪೋದ ಸಾಹೇಬರ ಕೋಣೆಯಲ್ಲಿ. ಹೊರಗೆ ಯಾರೋ ಗಾಲಿಯ ನಟ್ಟು ಬಿಚ್ಚಲು ಕಬ್ಬಿಣ ಬಡಿಯುತ್ತಿದ್ದರು. ನನ್ನ ಚೀಲದಲ್ಲಿ ಎರಡು ಕಾಗದ ಇದ್ದವು. ಒಂದು ಬಸಣ್ಣ ಟೈಪ್ ಮಾಡಿಸಿದ್ದು, ಒಂದೇ ಪುಟ, ಎಲ್ಲೂ ತಿದ್ದಿಲ್ಲ. ಇನ್ನೊಂದು ನಾನು ಕೈಯಲ್ಲಿ ಬರೆದದ್ದು. ಅದರ ತುಂಬ ಕಾಟು ಹೊಡೆದ ಗೆರೆ. ಕೋಣೆಯೊಳಗೆ ಬಸಣ್ಣನೂ ಸಾಕ್ಷಿಗೆ ಕರೆಸಿದ್ದ ಅಮರಪ್ಪನೂ ಇದ್ದರು, ಮಿಲಿಂದ ಹೊರಗೆ ಪಡಸಾಲೆಯಲ್ಲಿ ನಿಂತಿದ್ದ. ಯಾವುದನ್ನು ಕೊಡುತ್ತೇನೆ ಎಂದು ಅವನಿಗೂ ಹೇಳಿರಲಿಲ್ಲ. ನನಗೂ ಖಚಿತವಿರಲಿಲ್ಲ. ಬಸ್ಸು ಬಿಟ್ಟರೆ ನಾನು ಯಾರು ಎಂದು ನನಗೆ ಗೊತ್ತಿರಲಿಲ್ಲ.

ಕೈಬರಹದ್ದನ್ನು ತೆಗೆದು ಓದಿದೆ. "ನನಗೆ ಮೂರ್ಛೆ ರೋಗ ಇದೆ. ಆ ದಿನ ಬಸ್ಸಿನ ಹಿಂದಿನ ಬಾಗಿಲನ್ನು ನಾನು ಹಾಕಿರಲಿಲ್ಲ. ರೋಗ ಬಂದು ಹೊರಗೆ ಜೋತು ಬಿದ್ದ ನನ್ನನ್ನು ಪ್ರಯಾಣಿಕರಾದ ಅಮರಪ್ಪನವರು ಒಳಗೆ ಎಳೆದು ಉಳಿಸಿದರು. ಅವರು ಚಪ್ಪಲಿ ಹಿಡಿದದ್ದು ನನ್ನನ್ನು ಎಬ್ಬಿಸಲು. ಎಚ್ಚರ ಪೂರ್ತಿ ಬರುವ ಮೊದಲು ನಾನು ಅವರಿಗೆ ಹೊಡೆದಿದ್ದೇನೆ."

ಬಸಣ್ಣ ಹಣೆ ಹಿಡಿದುಕೊಂಡ.

"ಇದನ್ನ ಕೊಟ್ರ ನಿಮ್ಮನ್ನ ಬಸ್ಸಿಗೆ ಕಳಸಾಕ ಬರಂಗಿಲ್ಲ," ಎಂದರು ಸಾಹೇಬರು. "ಡಾಕ್ಟರು ಬರದು ಕೊಡೂತನಕ ಆಫೀಸ್ ಕೆಲಸ. ಅವರು ಬರೀದ ಇದ್ರ ಅಲ್ಲೇ. ತಿಳದ ಕೊಡಾಕತ್ತೀರೇನು?"

"ತಿಳದ ಕೊಡಾಕತ್ತೀನ್ರಿ."

ಇಂದಿಗೂ ನಾನು ಟಿಕೆಟ್ ಮಶೀನುಗಳನ್ನು ಹಂಚುವ ಕಿಟಕಿಯ ಹಿಂದೆ ಕೂರುತ್ತೇನೆ.

ಸಾಹೇಬರು ಅಮರಪ್ಪನ ಕಡೆ ತಿರುಗಿದರು. "ಇದು ಸರಿ ಐತೇನ್ರಿ?"

"ಹೊಡದಾಳ ಅಂತ ಬರದಾಳ. ಮೂರು ಸಲ ಅಂತ ಬರದಿಲ್ಲ. ಮೂರು ಸಲ. ಕಣ್ಣು ಹೋಗೇತಿ. ಅದೂ ಬರೀಬೇಕು."

ಕಾಗದ ತೆಗೆದುಕೊಂಡು ಬರೆದೆ. ಮೂರು ಸಲ. ಎಡಗಣ್ಣು.

"ಮತ್ತ ಈಕಿ ನಿಮಗ ಇಲ್ಲೇ ಮಾಫಿ ಕೇಳಲೇನು? ಅದನ್ನೂ ದಾಖಲ್ ಮಾಡ್ತೀನಿ."

"ಈಕಿ ಬ್ಯಾಡ," ಎಂದರು ಅಮರಪ್ಪ. "ಈಕಿ ಹೊಡದಾಗ ಈಕಿ ಮೈಯಾಗ ಈಕಿ ಇರಲಿಲ್ಲ. ದವಾಖಾನ್ಯಾಗ ಸೂಜಿ ಚುಚ್ಚಿದ್ದಾಗ ನನ್ನ ಕೊಳ್ಳಪಟ್ಟಿ ಹಿಡದಾವ ಇದ್ದ, ಈಕಿ ಗಂಡ. ಅಂವ ಪೂರಾ ಇದ್ದ. ಅಂವ ಕೇಳಲಿ."

ಕೋಣೆಯ ಬಾಗಿಲು ತೆರೆದೇ ಇತ್ತು. ಮಿಲಿಂದನಿಗೆ ಎಲ್ಲ ಕೇಳಿಸಿತ್ತು. ಅವನು ಬಾಗಿಲವರೆಗೆ ಬಂದು ನಿಂತ. ನಮ್ಮ ಮನೆಗಳ ಗಂಡಸರು ಎಷ್ಟು ತಲೆಮಾರು ಎಷ್ಟು ಜನರ ಮುಂದೆ ತಪ್ಪಾಯಿತು ಎಂದಿದ್ದಾರೆ, ಮಾಡದ ತಪ್ಪಿಗೆ, ಎಂಬುದು ಅವನ ಮುಖದ ಮೇಲೆ ಹೋಗುತ್ತ ಬರುತ್ತ ಇದ್ದದ್ದನ್ನು ನಾನು ಕಂಡೆ. ಇದು ಮಾಡಿದ ತಪ್ಪು. ಅವನು ನನ್ನ ಕಡೆ ನೋಡಿದ. ನಾನು ಅವನಿಗೆ ಯಾವ ಸನ್ನೆಯನ್ನೂ ಮಾಡಲಿಲ್ಲ.

"ತಪ್ಪಾತ್ರಿ," ಎಂದ ಮಿಲಿಂದ.

"ಏನಂದಿ? ಆ ಕಡೀ ಕಿವೀನೂ ಮಂದ ಆಗೇತಿ ನನಗ."

ಮಿಲಿಂದ ತಲೆ ಬಗ್ಗಿಸಲಿಲ್ಲ. ನೆಟ್ಟಗೆ ನಿಂತು, ತರಗತಿಯ ಕೊನೆಯ ಬೆಂಚಿಗೆ ಕೇಳುವ ದನಿಯಲ್ಲಿ, ಡಿಪೋದ ಅಂಗಳಕ್ಕೆಲ್ಲ ಕೇಳುವ ಹಾಗೆ ಕೂಗಿದ: "ನಂದು ತಪ್ಪಾತ್ರಿ! ನಿಮ್ಮ ಮ್ಯಾಲೆ ಕೈ ಮಾಡಬಾರದಿತ್ತು!"

ಹೊರಗೆ ಕಬ್ಬಿಣ ಬಡಿಯುವುದು ನಿಂತಿತು. ಅಮರಪ್ಪ ಇಡೀ ತಲೆಯನ್ನು ತಿರುಗಿಸಿ, ಉಳಿದ ಕಣ್ಣಿನಿಂದ ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಆಮೇಲೆ ಸಾಹೇಬರ ಪೆನ್ನಿಗೆ ಕೈ ಚಾಚಿದರು.

"ಆತು. ಎಲ್ಲಿ ಸಹಿ ಮಾಡಬೇಕು ತೋರಸ್ರಿ."